ಕಂಪನಿ ಹೆಸರು ಆಮೇಲೆ, ಮೊದಲು ನಿಮ್ಮ ಶಾಫ್ಟ್ ಬಾಗಿಲು ತೆಗೆಸಿ ನೋಡಿ

ಪ್ರಶ್ನೆ: ಬೆಂಗಳೂರಿನ ಕನಕಪುರ ರಸ್ತೆ ಕಡೆ, 96 ಮನೆಗಳಿರುವ ಅಪಾರ್ಟ್‌ಮೆಂಟ್‌ನ ಏಳನೇ ಮಹಡಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದೇವೆ. ಮುಂದಿನ ತಿಂಗಳು ಗೃಹಪ್ರವೇಶ. ನನಗೆ ಪೂರ್ತಿ ಮನೆಯಿಂದಲೇ ಕೆಲಸ, ರಾತ್ರಿ ಅಮೆರಿಕದವರ ಜೊತೆ ಕಾಲ್ ಇರುತ್ತದೆ. ನಮ್ಮೆಜಮಾನರು ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುತ್ತಾರೆ. ಮಗಳಿಗೆ ಆನ್‌ಲೈನ್ ಕೋಚಿಂಗ್. ಕಟ್ಟಡಕ್ಕೆ ಈಗ ಮೂರು ಕಂಪನಿಯವರು ಇಂಟರ್‌ನೆಟ್ ಲೈನ್ ಕೊಡುತ್ತಿದ್ದಾರೆ. ಒಬ್ಬರು 1 ಜಿಬಿಪಿಎಸ್ ಪ್ಲಾನ್ ಹೇಳಿ, ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಇನ್‌ಸ್ಟಲೇಷನ್ ಫ್ರೀ, ಒಟಿಟಿ ಫ್ರೀ ಎನ್ನುತ್ತಿದ್ದಾರೆ. ಯಾವ ಕಂಪನಿ ತೆಗೆದುಕೊಳ್ಳಲಿ?

ಉತ್ತರ: ಗೃಹಪ್ರವೇಶಕ್ಕೆ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ವುಡ್‌ವರ್ಕ್ ಮುಗಿಯುವ ಮುಂಚೆ ಮಾಡಿಸಿಕೊಳ್ಳಬೇಕಾದ ಒಂದು ಕೆಲಸ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲಿಗೆ, ಯಾವ ಕಂಪನಿ ಎಂದು ನಾನು ಹೆಸರು ಹೇಳುವುದಿಲ್ಲ. ಇಪ್ಪತ್ತು ವರ್ಷದಿಂದ ನೆಟ್‌ವರ್ಕ್ ಕೆಲಸ ಮಾಡುತ್ತಿದ್ದೇನೆ. ನಾನು ಕಂಡಂತೆ, ಒಂದೇ ಕಂಪನಿಯ ಲೈನ್ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಎರಡು ವರ್ಷ ಕದಲದೆ ನಡೆಯುತ್ತದೆ, ಎದುರು ರಸ್ತೆಯ ಕಟ್ಟಡದಲ್ಲಿ ವಾರಕ್ಕೊಮ್ಮೆ ಕೈಕೊಡುತ್ತದೆ. ಏರ್‌ಟೆಲ್, ಜಿಯೋ, ಆಕ್ಟ್, ಬಿಎಸ್‌ಎನ್‌ಎಲ್ ಯಾವುದೇ ಇರಲಿ, ಊರಿನ ಮಟ್ಟದಲ್ಲಿ ಅವರ ನೆಟ್‌ವರ್ಕ್ ಸುಮಾರಾಗಿ ಗಟ್ಟಿಯೇ ಇರುತ್ತದೆ. ತೊಂದರೆ ಶುರುವಾಗುವುದು ಕೊನೆಯ ಇನ್ನೂರು ಮೀಟರ್‌ನಲ್ಲಿ. ರಸ್ತೆ ಕಂಬದಿಂದ ನಿಮ್ಮ ಕಾಂಪೌಂಡಿಗೆ, ಅಲ್ಲಿಂದ ಶಾಫ್ಟ್‌ಗೆ (ವೈರು, ಪೈಪು ಮಹಡಿಯಿಂದ ಮಹಡಿಗೆ ಹೋಗುವ ಉದ್ದ ಗೂಡಿಗೆ), ಶಾಫ್ಟ್‌ನಿಂದ ನಿಮ್ಮ ಹಾಲ್‌ಗೆ. ಆ ಇನ್ನೂರು ಮೀಟರ್ ಹೇಗಿದೆ, ಅದು ಕೆಟ್ಟರೆ ಯಾರು ಬಂದು ಸರಿಮಾಡುತ್ತಾರೆ, ಅದನ್ನು ನೋಡಿ ಕಂಪನಿ ಆರಿಸಿ.

ಹಾಗಾಗಿ ಈ ಶನಿವಾರ ಒಂದು ಕೆಲಸ ಮಾಡಿ. ಎಲೆಕ್ಟ್ರಿಷಿಯನ್ ಅಥವಾ ಸೂಪರ್‌ವೈಸರ್ ಹತ್ತಿರ ಕೀ ಇಸಿದುಕೊಂಡು ನಿಮ್ಮ ಮಹಡಿಯ ಲೋ ವೋಲ್ಟೇಜ್ (ಫೋನ್, ಟಿವಿ, ನೆಟ್ ವೈರುಗಳ) ಶಾಫ್ಟ್ ಬಾಗಿಲು ತೆಗೆಸಿ. ಫೋನ್ ಟಾರ್ಚ್ ಹಾಕಿ ನೋಡಿ. ಅಲ್ಲಿ ಎರಡು ಥರದ ವೈರು ಕಾಣುತ್ತದೆ. ಒಂದು ತೆಳ್ಳಗೆ, ಚಪ್ಪಟೆಯಾಗಿ, ಸಾಮಾನ್ಯವಾಗಿ ಕಪ್ಪು ಅಥವಾ ಬಿಳಿ ಬಣ್ಣದ್ದು. ಅದು ಫೈಬರ್. ಇನ್ನೊಂದು ದುಂಡಗೆ, ಪೆನ್ಸಿಲ್ ದಪ್ಪಕ್ಕಿಂತ ಸ್ವಲ್ಪ ಕಮ್ಮಿ, ಮೈಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಅಚ್ಚಾಗಿರುತ್ತದೆ. ಅದು ತಾಮ್ರದ ಲ್ಯಾನ್ ವೈರು. ಈ ವ್ಯತ್ಯಾಸ ಬಹಳ ಮುಖ್ಯ, ಯಾಕೆಂದರೆ ಎರಡನ್ನೂ ಮಾರುವವರು ‘ಫೈಬರ್’ ಎಂದೇ ಹೇಳಿ ಮಾರುತ್ತಾರೆ.

ಲ್ಯಾನ್ ವೈರಿನ ವ್ಯವಸ್ಥೆಯಲ್ಲಿ ಫೈಬರ್ ಬರುವುದು ಕಟ್ಟಡದವರೆಗೆ ಮಾತ್ರ. ಬೇಸ್‌ಮೆಂಟ್‌ನಲ್ಲೋ ಟೆರೇಸ್‌ನಲ್ಲೋ ಒಂದು ಕಬ್ಬಿಣದ ಡಬ್ಬಿ ಇರುತ್ತದೆ, ಅದರೊಳಗೆ ಸ್ವಿಚ್, ಅಂದರೆ ಒಂದು ಲೈನನ್ನು ಹಲವು ಮನೆಗೆ ಹಂಚುವ ಯಂತ್ರ. ಅಲ್ಲಿಂದ ಮನೆಮನೆಗೆ ತಾಮ್ರದ ವೈರು ಹೋಗುತ್ತದೆ. ಈ ವೈರು 100 ಮೀಟರ್ ಒಳಗಿರಬೇಕು ಎನ್ನುವುದು ನಿಯಮ. ಒಳಗಿನ ಎಂಟು ಎಳೆಗಳಲ್ಲಿ ನಾಲ್ಕನ್ನೇ ಪಿನ್ನಿಗೆ ಕ್ರಿಂಪ್ ಮಾಡಿದ್ದರೆ (ಒತ್ತಿ ಕೂರಿಸಿದ್ದರೆ) ಅಥವಾ ಒಂದು ಎಳೆ ತುಂಡಾಗಿದ್ದರೆ, ನೀವು ಯಾವ ಪ್ಲಾನ್ ತೆಗೆದುಕೊಂಡರೂ 100 ಎಂಬಿಪಿಎಸ್ ದಾಟುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಕರೆಂಟ್. ಆ ಡಬ್ಬಿಗೆ ಕರೆಂಟ್ ಬೇಕು. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಬೇಸ್‌ಮೆಂಟಿನ ಡಬ್ಬಿಗೆ ಕರೆಂಟ್ ಹೋದರೆ ನೆಟ್ ಹೋಯಿತು.

ಮನೆಯವರೆಗೂ ಫೈಬರ್ ಬರುವ ವ್ಯವಸ್ಥೆಯಲ್ಲಿ ಈ ತಲೆನೋವು ಇಲ್ಲ. ಶಾಫ್ಟ್‌ನಲ್ಲಿ ಇರುವುದು ಸ್ಪ್ಲಿಟರ್. ಒಂದು ಎಳೆಯಲ್ಲಿ ಬರುವ ಬೆಳಕನ್ನು ಹಲವು ಎಳೆಗೆ ಹಂಚುವ ಸಣ್ಣ ಡಬ್ಬಿ ಅಷ್ಟೇ, ಅದಕ್ಕೆ ಕರೆಂಟೇ ಬೇಡ. ಕಂಪನಿಯ ಎಕ್ಸ್‌ಚೇಂಜ್ ಕಡೆ ಬ್ಯಾಟರಿ ಇರುತ್ತದೆ, ನಿಮ್ಮ ಮನೆ ಡಬ್ಬಿಗೆ ನೀವು ಬ್ಯಾಟರಿ ಕೊಟ್ಟರೆ ಸಾಕು, ಬೆಸ್ಕಾಂ ಕರೆಂಟ್ ತೆಗೆದರೂ ನೆಟ್ ನಡೆಯುತ್ತದೆ. ರಾತ್ರಿ ಕಾಲ್ ಇರುವ ನಿಮ್ಮಂಥವರಿಗೆ ಇದೊಂದೇ ಕಾರಣ ಸಾಕು. ಮೂವರಲ್ಲಿ ಮನೆಯವರೆಗೆ ಫೈಬರ್ ತರುವವರನ್ನೇ ತೆಗೆದುಕೊಳ್ಳಿ. ಸೇಲ್ಸ್‌ನವರಿಗೆ ನೇರವಾಗಿ ಕೇಳಿ: ‘ನಮ್ಮ ಮನೆಯೊಳಗೆ ಒಎನ್‌ಟಿ ಡಬ್ಬಿ ಇಡ್ತೀರಾ, ಅಥವಾ ಬರೀ ರೂಟರ್ ಇಡ್ತೀರಾ?’ ಒಎನ್‌ಟಿ ಎಂದರೆ ಫೈಬರಿನ ಬೆಳಕನ್ನು ಇಂಟರ್‌ನೆಟ್ ಸಿಗ್ನಲ್ ಆಗಿ ಬದಲಾಯಿಸುವ ಡಬ್ಬಿ. ಬರೀ ರೂಟರ್ ಎಂದರೆ ಅದು ಲ್ಯಾನ್ ವೈರು. (ಕೆಲವರು ಒಎನ್‌ಟಿ, ರೂಟರ್ ಎರಡೂ ಒಂದೇ ಡಬ್ಬಿಯಲ್ಲಿ ಕೊಡುತ್ತಾರೆ. ಹಸಿರು ತಲೆಯ ಸಣ್ಣ ಪಿನ್ ಅದಕ್ಕೆ ಚುಚ್ಚುತ್ತಾರಾ ನೋಡಿ. ಹಸಿರು ಪಿನ್ ಇದ್ದರೆ ಫೈಬರೇ.)

ಇನ್ನೊಂದು ಹೆಸರಿನ ಗೊಂದಲ ಇದೆ. ‘ಏರ್‌ಫೈಬರ್’ ಎನ್ನುವುದು ಫೈಬರ್ ಅಲ್ಲ. ಏರ್‌ಟೆಲ್ ಮತ್ತು ಜಿಯೋ ಎರಡೂ 2023ರಲ್ಲಿ ಶುರುಮಾಡಿದ ಈ ಸೇವೆ 5ಜಿ ಸಿಗ್ನಲ್ ಮೇಲೆ ನಡೆಯುತ್ತದೆ. ವೈರು ಬರದ ಕಡೆ ಅದು ನಿಜಕ್ಕೂ ಉಪಯೋಗದ್ದು. ಆದರೆ ನಿಮ್ಮ ಕಟ್ಟಡದಲ್ಲಿ ವೈರು ಇರುವಾಗ ಅದನ್ನು ಮುಖ್ಯ ಲೈನ್ ಮಾಡಿಕೊಳ್ಳಬೇಡಿ. ಟವರ್ ಮೇಲೆ ಜನ ಜಾಸ್ತಿಯಾದ ಹಾಗೆ ಸ್ಪೀಡ್ ಏರಿಳಿಯುತ್ತದೆ.

ಶಾಫ್ಟ್ ನೋಡುವಾಗಲೇ ಇನ್ನೂ ಎರಡು ವಿಷಯ ಗಮನಿಸಿ. ಸ್ಪ್ಲಿಟರ್ ಡಬ್ಬಿಗೆ ಮುಚ್ಚಳ ಇದೆಯಾ? ಒಳಗಿನ ಎಳೆಗಳು ಸುರುಳಿ ಸುತ್ತಿ ನೀಟಾಗಿವೆಯಾ? ಅಥವಾ ಮುಚ್ಚಳ ಬಿದ್ದು, ಎಳೆಗಳು ಜೋತಾಡುತ್ತಾ, ಪಕ್ಕದಲ್ಲಿ ನೀರಿನ ಪೈಪ್ ಒಸರುತ್ತಾ ಇದೆಯಾ? ಫೈಬರ್ ಅಂದರೆ ಗಾಜು. ಚೂಪಾಗಿ ಮಡಚಿದರೆ ಬೆಳಕು ಸೋರುತ್ತದೆ. ಪ್ರತಿ ವೈರಿಗೂ ಫ್ಲ್ಯಾಟ್ ನಂಬರಿನ ಚೀಟಿ ಅಂಟಿಸಿದ್ದಾರಾ ನೋಡಿ. ಚೀಟಿ ಇಲ್ಲದ ಕಡೆ ಏನಾಗುತ್ತದೆ ಗೊತ್ತಾ? ಹೊಸ ಕನೆಕ್ಷನ್ ಕೊಡಲು ಬಂದ ಹುಡುಗ ಖಾಲಿ ಪೋರ್ಟ್ ಸಿಗದೆ ಒಂದು ಪಿನ್ ಕಿತ್ತು ತನ್ನದು ಹಾಕಿ ಹೋಗುತ್ತಾನೆ. ಆ ಕಿತ್ತ ಪಿನ್ ನಿಮ್ಮದಾಗಿರುತ್ತದೆ. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ‘ನಿನ್ನೆ ರಾತ್ರಿವರೆಗೂ ಚೆನ್ನಾಗಿತ್ತು’ ಎನ್ನುವ ದೂರುಗಳಲ್ಲಿ ಇಂಥವು ಎಷ್ಟೋ.

ಆಮೇಲೆ ನೆರೆಹೊರೆಯವರನ್ನು ಕೇಳಿ. ‘ನೆಟ್ ಹೇಗಿದೆ’ ಎಂದು ಕೇಳಬೇಡಿ, ಎಲ್ಲರೂ ‘ಓಕೆ’ ಎನ್ನುತ್ತಾರೆ. ‘ಕೊನೇ ಸಲ ಲೈನ್ ಕಟ್ ಆಗಿದ್ದು ಯಾವಾಗ, ಎಷ್ಟು ಗಂಟೆ ಆದಮೇಲೆ ಸರಿಯಾಯಿತು, ಭಾನುವಾರ ಬರ್ತಾರಾ’ ಎಂದು ಕೇಳಿ. ನಿಮ್ಮದೇ ಟವರ್‌ನ, ನಿಮ್ಮದೇ ಸಾಲಿನ ಮೇಲೆ ಕೆಳಗಿನ ಮನೆಯವರಾದರೆ ಇನ್ನೂ ಒಳ್ಳೆಯದು, ಅವರ ಲೈನ್ ನಿಮ್ಮ ಶಾಫ್ಟ್‌ನಲ್ಲೇ ಬರುತ್ತದೆ. ಒಳ್ಳೆಯ ಫೀಲ್ಡ್ ಹುಡುಗ ಇರುವ ಸಾಧಾರಣ ಕಂಪನಿ, ಫೀಲ್ಡ್ ಹುಡುಗನೇ ಇಲ್ಲದ ದೊಡ್ಡ ಕಂಪನಿಗಿಂತ ಮೇಲು. ಎಷ್ಟೋ ಕಡೆ ಬಿಎಸ್‌ಎನ್‌ಎಲ್ ಫೈಬರ್ ಕೊಡುವುದು, ನೋಡಿಕೊಳ್ಳುವುದು ಏರಿಯಾದ ಕೇಬಲ್ ಆಪರೇಟರೇ. ಅಂಥ ಕಡೆ ಆ ಆಪರೇಟರ್ ಎಂಥವರು ಎನ್ನುವುದರ ಮೇಲೆ ಎಲ್ಲ ನಿಂತಿದೆ.

ನಿಮಗೆ ಗುರುತಿನವರು ಒಬ್ಬರಿದ್ದರೆ ರಾತ್ರಿ ಒಂಬತ್ತೂವರೆಗೆ ಅವರ ಮನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ. ಎಲ್ಲರೂ ಟಿವಿ ನೋಡುವ ಹೊತ್ತು ಅದು. ಮನೆಗೆ ಬರುವ ಫೈಬರ್‌ನಲ್ಲಿ ಸಾಮಾನ್ಯವಾಗಿ ಬಳಸುವುದು ಜಿಪಾನ್ ಎನ್ನುವ ತಂತ್ರ. ಅದರಲ್ಲಿ ಒಂದು ಎಳೆಯ ಒಟ್ಟು ಸಾಮರ್ಥ್ಯ ಡೌನ್‌ಲೋಡ್‌ಗೆ ಸುಮಾರು 2.5 ಜಿಬಿಪಿಎಸ್, ಅಪ್‌ಲೋಡ್‌ಗೆ ಅದರ ಅರ್ಧ. ಇದನ್ನು 32 ಅಥವಾ 64 ಮನೆಗೆ ಹಂಚುತ್ತಾರೆ. 32 ಮನೆಯವರೂ ಒಂದೇ ಕ್ಷಣ ಪೂರ್ತಿ ಎಳೆದರೆ ಒಬ್ಬೊಬ್ಬರಿಗೆ 78 ಎಂಬಿಪಿಎಸ್ ಸಿಗುತ್ತದೆ. ಹಾಗೆ ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ, ಅದಕ್ಕೇ ಈ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ. ಆದರೆ 1 ಜಿಬಿಪಿಎಸ್ ಪ್ಲಾನ್ ತೆಗೆದುಕೊಂಡರೆ ಆ ವೇಗ ನಿಮ್ಮೊಬ್ಬರಿಗೇ ಮೀಸಲು ಎಂದುಕೊಳ್ಳಬೇಡಿ. ರಾತ್ರಿ ಒಂಬತ್ತೂವರೆಗೆ ಸಿಗುವ ಸ್ಪೀಡೇ ನಿಮ್ಮ ನಿಜವಾದ ಸ್ಪೀಡ್.

ಅಲ್ಲಿ ಸ್ಪೀಡ್ ಟೆಸ್ಟ್ ಜೊತೆಗೆ ಪಿಂಗ್ (ಒಂದು ಸಂದೇಶ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ) ಕೂಡ ನೋಡಿ. ಒಂದು ಇನ್ನೂರು ಸಲ ಪಿಂಗ್ ಹಾಕಿ, ಎಷ್ಟು ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಕಳೆದುಹೋಯಿತು ಎಂದು ನೋಡಿ. ಕಾಲ್‌ನಲ್ಲಿ ಮಾತು ತುಂಡುತುಂಡಾಗುವುದು ಸ್ಪೀಡ್ ಕಮ್ಮಿಯಾದ್ದರಿಂದಲ್ಲ, ಬಹುತೇಕ ಈ ಪ್ಯಾಕೆಟ್ ನಷ್ಟದಿಂದ. ಅಮೆರಿಕದ ಸರ್ವರ್‌ಗೆ ಪಿಂಗ್ 200 ಮಿಲಿಸೆಕೆಂಡ್ ದಾಟಿದರೆ ಗಾಬರಿಯಾಗಬೇಡಿ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಕ್ಯಾಲಿಫೋರ್ನಿಯಾ ನೇರ ಗೆರೆ ಎಳೆದರೂ ಇಲ್ಲಿಂದ ಸುಮಾರು 14,000 ಕಿಲೋಮೀಟರ್. ಹೋಗಿ ಬರಲು 140 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್‌ಗಳು ಸಮುದ್ರದಡಿ ಸುತ್ತಿ ಬಳಸಿ ಹೋಗುತ್ತವೆ, ಆದ್ದರಿಂದ ಇನ್ನೂ ಜಾಸ್ತಿ. ಇದನ್ನು ಯಾವ ಪ್ಲಾನೂ ಕಮ್ಮಿ ಮಾಡುವುದಿಲ್ಲ. ಆದರೆ ಆ ಅಂಕಿ 220ರಲ್ಲಿ ನಿಂತಿರಬೇಕು. 220, 480, 230, 700 ಎಂದು ಕುಣಿಯುತ್ತಿದ್ದರೆ ಆ ಲೈನ್ ನಿಮಗೆ ಬೇಡ.

ಇನ್ನು ಎಷ್ಟು ಸ್ಪೀಡ್ ಬೇಕು? ಲೆಕ್ಕ ಹಾಕೋಣ. ಒಳ್ಳೆಯ ಗುಣಮಟ್ಟದ ವಿಡಿಯೋ ಕಾಲ್‌ಗೆ ಸುಮಾರು 4 ಎಂಬಿಪಿಎಸ್. ನೀವು ಮೂರು ಜನ ಒಟ್ಟಿಗೆ ಕೂತರೂ 12. ಟಿವಿಯಲ್ಲಿ 4ಕೆ ಸಿನಿಮಾಕ್ಕೆ 15 ಸಾಕು ಎಂದು ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ಮೂರು ಫೋನ್, ಒಂದು ಸಿಸಿಟಿವಿ ಸೇರಿಸಿ. 50 ದಾಟುವುದಿಲ್ಲ, ಅಲ್ವಾ? ನಿಮಗೆ 100 ಎಂಬಿಪಿಎಸ್ ಸಾಕು, 200 ಧಾರಾಳ. 1 ಜಿಬಿಪಿಎಸ್‌ಗೆ ಕೊಡುವ ಹೆಚ್ಚಿನ ದುಡ್ಡು ನಿಮ್ಮ ಕಾಲ್ ಅನ್ನು ಒಂದಿಷ್ಟೂ ಉತ್ತಮ ಮಾಡುವುದಿಲ್ಲ. ಅಪ್‌ಲೋಡ್ ಎಷ್ಟು ಎಂದು ಮಾತ್ರ ಮರೆಯದೆ ಕೇಳಿ. ಡೌನ್‌ಲೋಡ್‌ನಷ್ಟೇ ಅಪ್‌ಲೋಡ್ ಕೊಡುವ ಪ್ಲಾನ್ ಇದ್ದರೆ ಅದಕ್ಕೆ ಹೋಗಿ. ‘ಅನ್‌ಲಿಮಿಟೆಡ್’ ಎನ್ನುವುದಕ್ಕೂ ಮಿತಿ ಇರುತ್ತದೆ, ದೊಡ್ಡ ಕಂಪನಿಗಳ ಪ್ಲಾನ್‌ಗಳಲ್ಲಿ ಅದು ತಿಂಗಳಿಗೆ 3.3 ಟಿಬಿ (ಸುಮಾರು 3,300 ಜಿಬಿ) ಎಂದು ಇರುವುದನ್ನು ನೋಡಿದ್ದೇನೆ. ನಿಮ್ಮ ಮನೆಯ ಬಳಕೆ ಅಷ್ಟಕ್ಕೆ ಮುಟ್ಟುವುದಿಲ್ಲ. ಬೆಲೆ ಹೋಲಿಸುವಾಗ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ ನೋಡಿ. ಸಾವಿರ ರೂಪಾಯಿ ಪ್ಲಾನ್ ಎಂದರೆ ಕೈಯಿಂದ ಹೋಗುವುದು 1,180.

ವರ್ಷದ ದುಡ್ಡು ಒಟ್ಟಿಗೆ ಕಟ್ಟುವ ವಿಷಯ. ಇದರಲ್ಲಿ ನನಗೇ ಪೆಟ್ಟು ಬಿದ್ದಿದೆ. ಕೆಲವು ವರ್ಷದ ಹಿಂದೆ ಬಾಡಿಗೆ ಮನೆ ಬದಲಾಯಿಸಿದಾಗ ಹನ್ನೆರಡು ತಿಂಗಳ ದುಡ್ಡು ಮುಂಗಡ ಕಟ್ಟಿದೆ. ಮೇ ತಿಂಗಳ ಒಂದು ಸಂಜೆ ಆಲಿಕಲ್ಲು ಮಳೆಗೆ ನಮ್ಮ ರಸ್ತೆಯ ಗುಲ್‌ಮೊಹರ್ ಮರ ಬಿತ್ತು. ಮರದ ಜೊತೆ ಕಂಬದ ಮೇಲಿನ ವೈರುಗಳೂ ಬಂದವು. ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ, ಕೊಂಬೆ ಕಡಿಯುವವರು ವೈರನ್ನೂ ಸೇರಿಸಿ ಕಡಿದು ಪಕ್ಕಕ್ಕೆ ಸುತ್ತಿಟ್ಟಿದ್ದರು. ನನ್ನ ಲೈನ್ ಸರಿಯಾಗಲು ಒಂಬತ್ತು ದಿನ ಹಿಡಿಯಿತು. ಪಕ್ಕದ ಮನೆಯವರು ಬೇರೆ ಕಂಪನಿಯವರು, ಅವರದ್ದು ಎರಡನೇ ದಿನವೇ ಸರಿಯಾಯಿತು. ನಾನು ಬಿಟ್ಟು ಹೋಗೋಣ ಎಂದರೆ ಹತ್ತು ತಿಂಗಳ ದುಡ್ಡು ಅವರ ಹತ್ತಿರ ಇತ್ತು. ಅದಕ್ಕೇ ಹೇಳುತ್ತೇನೆ, ಇನ್‌ಸ್ಟಲೇಷನ್‌ಗೆ ಸಾವಿರವೋ ಒಂದೂವರೆ ಸಾವಿರವೋ ಕೇಳಿದರೆ ಕೊಟ್ಟುಬಿಡಿ. ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ. ಒಂದು ಮಳೆಗಾಲ ನೋಡಿ. ಚೆನ್ನಾಗಿದ್ದರೆ ಆಮೇಲೆ ಆರು ತಿಂಗಳದ್ದು ಹಾಕಿಸಿಕೊಳ್ಳಿ. ಒಟಿಟಿ ಫ್ರೀ ಎನ್ನುವುದನ್ನು ನೋಡಿ ಲೈನ್ ಆರಿಸಬೇಡಿ, ಅದು ಬೇಕಿದ್ದರೆ ಬೇರೆಯಾಗಿ ಸಿಗುತ್ತದೆ.

ಲೈನ್ ಹಾಕುವ ದಿನ ನೀವು ಮನೆಯಲ್ಲೇ ಇರಿ. ಟೆಕ್ನಿಷಿಯನ್ ಕೈಯಲ್ಲಿ ಪವರ್ ಮೀಟರ್ ಎನ್ನುವ ಸಣ್ಣ ಉಪಕರಣ ಇರುತ್ತದೆ. ನಿಮ್ಮ ಮನೆಯ ಪಿನ್‌ಗೆ ಹಾಕಿ ಎಷ್ಟು ಡಿಬಿಎಂ (ಬೆಳಕಿನ ಬಲದ ಅಳತೆ) ಬರುತ್ತಿದೆ ಎಂದು ತೋರಿಸಲು ಹೇಳಿ. ಮೈನಸ್ 18ರಿಂದ ಮೈನಸ್ 23ರ ಒಳಗಿದ್ದರೆ ಒಳ್ಳೆಯದು. ಮೈನಸ್ 27ರ ಹತ್ತಿರ ಇದ್ದರೆ ಒಪ್ಪಬೇಡಿ, ಎಲ್ಲೋ ಜಾಯಿಂಟ್ ಕೆಟ್ಟಿದೆ ಅಥವಾ ವೈರು ಮಡಚಿದೆ. 3 ಡಿಬಿ ಕಮ್ಮಿಯಾದರೆ ಬೆಳಕು ಅರ್ಧಕ್ಕೆ ಇಳಿದಂತೆ. ಇವತ್ತು ಹೇಗೋ ನಡೆಯುವ ಮೈನಸ್ 27ರ ಲೈನ್, ಇನ್ನೊಂದು ಸ್ವಲ್ಪ ಇಳಿದರೆ ಡಬ್ಬಿಯಲ್ಲಿ ಎಲ್‌ಒಎಸ್ (ಸಿಗ್ನಲ್ ಇಲ್ಲ) ಎನ್ನುವ ಕೆಂಪು ದೀಪ ಹತ್ತುತ್ತದೆ. ಆ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ತೊಂದರೆ ಬಂದಾಗ ‘ಹಾಕಿದ ದಿನ ಮೈನಸ್ 20 ಇತ್ತು, ಈಗ ಎಷ್ಟಿದೆ ನೋಡಿ’ ಎಂದು ಹೇಳಿದರೆ ಮಾತು ಬೇಗ ಮುಗಿಯುತ್ತದೆ. ಹಾಂ, ಬಿಚ್ಚಿದ ಪಿನ್‌ನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಮಗಳಿಗೂ ಹೇಳಿ. ಒಳಗೆ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.

ಈಗ ವುಡ್‌ವರ್ಕ್ ವಿಷಯ. ಟೆಕ್ನಿಷಿಯನ್‌ಗೆ ಬಿಟ್ಟರೆ ಮುಖ್ಯ ಬಾಗಿಲ ಹತ್ತಿರ, ಟಿವಿ ಯೂನಿಟ್ ಹಿಂದೆ ಡಬ್ಬಿ ಇಟ್ಟು ಹೋಗುತ್ತಾರೆ, ವೈರು ಎಳೆಯುವುದು ಅಲ್ಲಿಗೆ ಸುಲಭ. ನೀವು ಕೆಲಸ ಮಾಡುವುದು ಮೂಲೆಯ ಬೆಡ್‌ರೂಮಿನಲ್ಲಿ. ಈಗಿನ ಎಷ್ಟೋ ಕಟ್ಟಡಗಳನ್ನು ಮೈವಾನ್ ಅಚ್ಚಿನಲ್ಲಿ ಕಟ್ಟುತ್ತಾರೆ. ಒಳಗೋಡೆಯೂ ಇಟ್ಟಿಗೆಯದ್ದಲ್ಲ, ಕಂಬಿ ಹಾಕಿದ ಕಾಂಕ್ರೀಟ್. 5 ಗಿಗಾಹರ್ಟ್ಸ್ ವೈಫೈ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ. ‘500 ಎಂಬಿಪಿಎಸ್ ಹಾಕಿಸಿದೆ, ರೂಮಿನಲ್ಲಿ 20 ಬರುತ್ತೆ’ ಎನ್ನುವವರ ಕಥೆ ಇದೇ. ಕಾರ್ಪೆಂಟರ್ ಪ್ಯಾನೆಲ್ ಹೊಡೆಯುವ ಮುಂಚೆ, ಹಾಲ್‌ನಿಂದ ನಿಮ್ಮ ಕೆಲಸದ ಟೇಬಲ್‌ಗೆ ಒಂದು ಕ್ಯಾಟ್ 6 ವೈರು ಎಳೆಸಿಬಿಡಿ. ಬಿಲ್ಡರ್ ಟೆಲಿಫೋನ್‌ಗೆ, ಟಿವಿಗೆ ಎಂದು ಬಿಟ್ಟಿರುವ ಪೈಪಿನಲ್ಲೇ ಅದು ಹೋಗುತ್ತದೆ. ಆಫೀಸ್ ಲ್ಯಾಪ್‌ಟಾಪ್‌ಗೆ ನೇರ ವೈರು ಚುಚ್ಚಿ. ಆ ರೂಮಿನಲ್ಲಿ ಬೇಕಿದ್ದರೆ ಇನ್ನೊಂದು ವೈಫೈ ಡಬ್ಬಿ ಅದೇ ವೈರಿಗೆ ಹಾಕಬಹುದು. ನೀವು ಇಂಟರ್‌ನೆಟ್‌ಗೆ ಖರ್ಚು ಮಾಡುವ ದುಡ್ಡಿನಲ್ಲಿ ಇಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ.

ಡಬ್ಬಿಗೆ ಒಂದು ಮಿನಿ ಯುಪಿಎಸ್ ತೆಗೆದುಕೊಳ್ಳಿ. ‘ನಮ್ಮಲ್ಲಿ ಡಿಜಿ (ಡೀಸೆಲ್ ಜನರೇಟರ್) ಇದೆಯಲ್ಲ’ ಎನ್ನಬಹುದು. ಡಿಜಿ ಶುರುವಾಗಲು ಹತ್ತು ಇಪ್ಪತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ ಒಎನ್‌ಟಿ ಆಫ್ ಆಗಿ ಮತ್ತೆ ಶುರುವಾಗುತ್ತದೆ, ಅದು ಪೂರ್ತಿ ಏಳಲು ಎರಡು ಮೂರು ನಿಮಿಷ. ಕರೆಂಟ್ ವಾಪಸ್ ಬಂದಾಗ ಕೆಲವು ಕಟ್ಟಡಗಳಲ್ಲಿ ಮತ್ತೊಂದು ಸಲ ಅದೇ ಕಥೆ. ಕಾಲ್ ಮಧ್ಯೆ ಎರಡು ಸಲ ಮಾಯವಾಗುತ್ತೀರಿ. ಕೊಳ್ಳುವ ಮುಂಚೆ ಒಎನ್‌ಟಿ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಆಂಪಿಯರ್ ಮಾತ್ರ ಬೇರೆ ಬೇರೆ. ಯುಪಿಎಸ್‌ನದ್ದು ಅದಕ್ಕಿಂತ ಕಮ್ಮಿ ಇರಬಾರದು.

ನೀವು ಮನೆಯಿಂದಲೇ ದುಡಿಯುವವರಾದ್ದರಿಂದ ಎರಡನೇ ದಾರಿ ಒಂದು ಇರಲಿ. ಫೋನ್ ಹಾಟ್‌ಸ್ಪಾಟ್ ಸಾಕು, ಆದರೆ ಆ ಸಿಮ್ ಬೇರೆ ಕಂಪನಿಯದ್ದಾಗಿರಲಿ. ಎರಡು ಫೈಬರ್ ಹಾಕಿಸುವ ಯೋಚನೆ ಇದ್ದರೆ ಎರಡೂ ಒಂದೇ ಕಂಬದಿಂದ ಬರುತ್ತಿಲ್ಲ ತಾನೇ ಎಂದು ನೋಡಿ. ಒಂದೇ ಕಂಬವಾದರೆ ಮರ ಬಿದ್ದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಊರಿಗೆ ಹೋದಾಗ ಮನೆ ಸಿಸಿಟಿವಿ ನೋಡಬೇಕು, ಅದೂ ಹಳೇ ಥರದ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡುವ ಡಬ್ಬಿ) ಆಗಿದ್ದರೆ, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಕೊಡುತ್ತೀರಾ, ಎಷ್ಟು ದುಡ್ಡು ಎಂದು ಮೊದಲೇ ಕೇಳಿಕೊಳ್ಳಿ. ಆಫೀಸ್ ವಿಪಿಎನ್‌ಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ.

ತೊಂದರೆ ಬಂದಾಗ ವಾಟ್ಸ್‌ಆ್ಯಪ್ ಮೆಸೇಜ್‌ಗೆ ನಿಲ್ಲಬೇಡಿ, ಕಂಪನಿಯಲ್ಲಿ ದೂರು ದಾಖಲಿಸಿ ನಂಬರ್ ತೆಗೆದುಕೊಳ್ಳಿ. 2024ರ ಅಕ್ಟೋಬರ್ 1ರಿಂದ ಜಾರಿಯಾದ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲಿ, ವೈರಿನ ಲೈನ್ ಕೆಟ್ಟು ಮೂರು ದಿನದೊಳಗೆ ಸರಿಮಾಡದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಎಂದಿದೆ. ದೂರಿನ ನಂಬರ್ ಇಲ್ಲದಿದ್ದರೆ ಇದನ್ನು ಕೇಳಲು ಆಗುವುದಿಲ್ಲ. ದೂರಿಗೆ ಸರಿಯಾದ ಉತ್ತರ ಬರದಿದ್ದರೆ ಕಂಪನಿಯಲ್ಲೇ ಮೇಲ್ಮನವಿ ಪ್ರಾಧಿಕಾರ ಇರುತ್ತದೆ, ಅಲ್ಲಿಗೆ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಗ್ರಾಹಕ ಆಯೋಗಕ್ಕೂ ಹೋಗಬಹುದು. ಟೆಲಿಕಾಂ ದೂರುಗಳನ್ನು ಅಲ್ಲಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಕೊನೆಗೆ ನಿಮ್ಮ ಅಸೋಸಿಯೇಷನ್ ಬಗ್ಗೆ ಒಂದು ಮಾತು. ಮೂರು ಕಂಪನಿಗೆ ಅವಕಾಶ ಕೊಟ್ಟಿರುವುದು ನಿಮ್ಮ ಪುಣ್ಯ. ಎಷ್ಟೋ ಕಡೆ ಬಿಲ್ಡರ್ ಒಬ್ಬರ ಜೊತೆ ಒಪ್ಪಂದ ಮಾಡಿಕೊಂಡು ಬೇರೆಯವರನ್ನು ಒಳಗೇ ಬಿಡುವುದಿಲ್ಲ. ಇಂಥ ಏಕಸ್ವಾಮ್ಯದ ಒಪ್ಪಂದ ಇರಬಾರದು ಎಂದು ಟ್ರಾಯ್ 2017ರಲ್ಲೇ ಶಿಫಾರಸು ಮಾಡಿತ್ತು. 2024ರಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಆಧಾರದ ಮೇಲೆ ರೇಟಿಂಗ್ ಕೊಡುವ ನಿಯಮವನ್ನೂ ತಂದಿದೆ. ಹೊಸದಾಗಿ ಸೇರುವ ನೀವು ಮೊದಲ ಮೀಟಿಂಗ್‌ನಲ್ಲೇ ಎರಡು ವಿಷಯ ಎತ್ತಿ. ಶಾಫ್ಟ್‌ನಲ್ಲಿ ಪ್ರತಿ ವೈರಿಗೂ ಫ್ಲ್ಯಾಟ್ ನಂಬರ್ ಹಾಕಿಸುವುದು ಒಂದು. ಶಾಫ್ಟ್ ಕೀ ಭಾನುವಾರವೂ ಸೆಕ್ಯುರಿಟಿ ಹತ್ತಿರ ಇರುವಂತೆ ಮಾಡುವುದು ಇನ್ನೊಂದು. ಲೈನ್ ಸರಿಮಾಡಲು ಬಂದ ಹುಡುಗ, ಕೀ ಇಟ್ಟುಕೊಂಡ ಸೂಪರ್‌ವೈಸರ್ ರಜೆ ಎಂದು ಗೇಟಿನಿಂದಲೇ ವಾಪಸ್ ಹೋದದ್ದನ್ನು ನಾನು ಬಹಳ ಸಲ ನೋಡಿದ್ದೇನೆ. ಆಮೇಲೆ ಅವನು ಮತ್ತೆ ಬರುವುದು ಬುಧವಾರ.